ಸೆಪಿಲೋಕ್‌ನಲ್ಲಿ ಒಂದು ದಿನ: ಒರಾಂಗುಟಾನ್ ಪುನರ್ವಸತಿ ಕೇಂದ್ರವನ್ನೂ ಮಳೆಕಾಡನ್ನೂ ನೋಡಿ ಬರುವ ಕ್ರಮ

ಬೋರ್ನಿಯೊ ದ್ವೀಪದ ಉತ್ತರ ಭಾಗದಲ್ಲಿ ಮಲೇಷ್ಯಾಕ್ಕೆ ಸೇರಿದ ಸಬಾ ರಾಜ್ಯವಿದೆ. ಅದರ ಪೂರ್ವ ಕರಾವಳಿಯ ಸಂಡಾಕಾನ್ ಪಟ್ಟಣದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ, ಕಬಿಲಿ–ಸೆಪಿಲೋಕ್ ಎಂಬ 4,294 ಹೆಕ್ಟೇರ್ ಮೀಸಲು ಅರಣ್ಯದ ಅಂಚಿನಲ್ಲಿ, 1964ರಿಂದ ಒರಾಂಗುಟಾನ್ ಎಂಬ ಬಾಲವಿಲ್ಲದ ದೊಡ್ಡ ವಾನರಗಳ ಪುನರ್ವಸತಿ ಕೇಂದ್ರವೊಂದು ನಡೆದುಬಂದಿದೆ. ಕಾಡು ಕಡಿಯುವಾಗ ತಾಯಿಯನ್ನು ಕಳೆದುಕೊಂಡ, ಎಣ್ಣೆತಾಳೆಯ ತೋಟಗಳಲ್ಲಿ ದಿಕ್ಕುತಪ್ಪಿ ಸಿಕ್ಕ, ಮನೆಗಳಲ್ಲಿ ಕಟ್ಟಿಹಾಕಿ ಸಾಕಿದ್ದ ಮರಿಗಳನ್ನು ಇಲ್ಲಿಗೆ ತಂದು, ಅವುಗಳಿಗೆ ಮರ ಹತ್ತುವುದರಿಂದ ಹಿಡಿದು ಕಾಡಿನ ಬದುಕನ್ನೆಲ್ಲ ಮತ್ತೆ ಕಲಿಸಿ, ಅದೇ ಕಾಡಿಗೆ ಬಿಡುತ್ತಾರೆ. ಪಕ್ಕದಲ್ಲೇ ಸೂರ್ಯಕರಡಿಗಳ ಕೇಂದ್ರವಿದೆ. ಅಲ್ಲಿಂದ ಎರಡು ಕಿಲೋಮೀಟರ್‌ನಷ್ಟು ಹೋದರೆ ಮಳೆಕಾಡಿನ ನೆತ್ತಿಯ ಮೇಲೆ ನಡೆದಾಡಬಹುದಾದ ಇನ್ನೊಂದು ಜಾಗವಿದೆ. ಮೂರನ್ನೂ ಒಂದೇ ದಿನದಲ್ಲಿ, ಅವಸರವಿಲ್ಲದೆ ನೋಡಬಹುದು. ಆದರೆ ಅದಕ್ಕೆ ಗಡಿಯಾರದ ಲೆಕ್ಕ ಬೇಕು.

ಲೆಕ್ಕಕ್ಕಿಂತ ಮೊದಲು ಒಂದು ಮಾತನ್ನು ತಲೆಯಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಇದು ಮೃಗಾಲಯವಲ್ಲ. ಇಲ್ಲಿ ಪ್ರಾಣಿಯನ್ನು ತೋರಿಸುವ ಭರವಸೆಯನ್ನು ಯಾರೂ ಕೊಡುವುದಿಲ್ಲ. ಊಟದ ಅಟ್ಟಣೆಗೆ ಒಂದು ಒರಾಂಗುಟಾನ್ ಕೂಡ ಬಾರದ ದಿನವೂ ಉಂಟು, ಮುಖ್ಯವಾಗಿ ಕಾಡಿನಲ್ಲಿ ಹಣ್ಣು ಹೇರಳವಾಗಿರುವ ತಿಂಗಳುಗಳಲ್ಲಿ. ಪ್ರವಾಸಿಗರು ಮುಖ ಸಪ್ಪೆ ಮಾಡಿಕೊಳ್ಳುವ ಆ ದಿನವೇ ಕೇಂದ್ರದ ಕೆಲಸ ಫಲ ಕೊಟ್ಟ ದಿನ: ಪ್ರಾಣಿ ತನ್ನ ಊಟವನ್ನು ತಾನೇ ಹುಡುಕಿಕೊಂಡಿದೆ ಎಂದರ್ಥ. ಆದ್ದರಿಂದ ಈ ಪ್ರವಾಸವನ್ನು ಒರಾಂಗುಟಾನ್ ಒಂದನ್ನೇ ನಂಬಿಕೊಂಡು ಹೊಂದಿಸಿಕೊಳ್ಳಬಾರದು. ಕಾಡನ್ನು ನಂಬಿಕೊಂಡು ಹೊಂದಿಸಿಕೊಳ್ಳಬೇಕು. ಕೆಳಗಿನ ಕ್ರಮವೆಲ್ಲ ಈ ನೆಲೆಯಿಂದಲೇ ಬಂದದ್ದು.

ಹೊರಡುವ ಮುನ್ನ

ಬೆಂಗಳೂರಿನಿಂದ ಕ್ವಾಲಾಲಂಪುರಕ್ಕೆ ನೇರ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ಪ್ರಯಾಣ. ಅಲ್ಲಿಂದ ಸಂಡಾಕಾನ್‌ಗೆ ಇನ್ನೊಂದು ವಿಮಾನ ಹಿಡಿಯಬೇಕು. ಅದೂ ಮೂರು ಗಂಟೆಗೆ ಹತ್ತಿರದ ಹಾದಿ. ಸಬಾದ ರಾಜಧಾನಿ ಕೋಟಾ ಕಿನಬಾಲುವಿನಲ್ಲಿ ಉಳಿದುಕೊಂಡವರು ಅಲ್ಲಿಂದ ಮುಕ್ಕಾಲು ಗಂಟೆಯ ವಿಮಾನದಲ್ಲಿ ಬರಬಹುದು. ರಸ್ತೆಯ ಮೇಲೆ ಬಂದರೆ ಆರು ಗಂಟೆಗೂ ಮಿಕ್ಕಿ ಬೇಕಾಗುವುದರಿಂದ, ಅದೇ ದಿನ ಹೋಗಿ ಅದೇ ದಿನ ಬರುವ ಯೋಚನೆಯನ್ನು ಬಿಟ್ಟುಬಿಡಬೇಕು. ಹಿಂದಿನ ರಾತ್ರಿ ಸಂಡಾಕಾನ್‌ನಲ್ಲೋ ಸೆಪಿಲೋಕ್‌ನ ವಸತಿಗೃಹಗಳಲ್ಲೋ ತಂಗುವುದೇ ಸರಿಯಾದ ದಾರಿ. ನನ್ನನ್ನು ಕೇಳಿದರೆ ಸೆಪಿಲೋಕ್‌ನಲ್ಲೇ ತಂಗುವುದು ಮೇಲು. ಬೆಳಗಿನ ಹಕ್ಕಿಗಳ ಸದ್ದಿಗೆ ಪಟ್ಟಣದಲ್ಲಿ ಬೆಲೆ ಕಟ್ಟಲಾಗುವುದಿಲ್ಲ.

ಭಾರತೀಯರಿಗೆ ಮಲೇಷ್ಯಾ 2023ರ ಡಿಸೆಂಬರ್‌ನಿಂದ 30 ದಿನಗಳವರೆಗೆ ವೀಸಾ ಇಲ್ಲದ ಪ್ರವೇಶ ಕೊಡುತ್ತಿದೆ. ಈ ಸವಲತ್ತನ್ನು ಅವಧಿ ಹಾಕಿ ಮುಂದುವರಿಸುತ್ತಿರುವುದರಿಂದ ಟಿಕೆಟ್ ತೆಗೆಯುವ ಮುನ್ನ ಒಮ್ಮೆ ಖಚಿತಪಡಿಸಿಕೊಳ್ಳಬೇಕು. ಇಳಿಯುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ಆಗಮನ ಪತ್ರವನ್ನೂ ತುಂಬಬೇಕು. ಕ್ವಾಲಾಲಂಪುರದಲ್ಲಿ ಪಾಸ್‌ಪೋರ್ಟ್‌ಗೆ ಮುದ್ರೆ ಬಿದ್ದಾಯಿತಲ್ಲ ಎಂದು ಅದನ್ನು ದೊಡ್ಡ ಚೀಲದ ತಳಕ್ಕೆ ಸೇರಿಸಿಬಿಡಬಾರದು. ಸಬಾಕ್ಕೆ ವಲಸೆ ತಪಾಸಣೆಯ ಸ್ವಂತ ಅಧಿಕಾರವಿದೆ. ದೇಶದೊಳಗಿನ ವಿಮಾನದಲ್ಲೇ ಬಂದರೂ ಅಲ್ಲಿ ಮತ್ತೊಮ್ಮೆ ಪಾಸ್‌ಪೋರ್ಟ್ ತೋರಿಸಬೇಕಾಗುತ್ತದೆ.

ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿದೆ. ಸಂಡಾಕಾನ್ ಆ ಕಾಲವಲಯದ ಪೂರ್ವಕ್ಕಿರುವುದರಿಂದ ಸಂಜೆ ಆರರ ಹೊತ್ತಿಗೆಲ್ಲ ಸೂರ್ಯ ಮುಳುಗುತ್ತದೆ. ಏಳರವರೆಗೂ ಬೆಳಕಿರುವ ಕ್ವಾಲಾಲಂಪುರದ ಅಭ್ಯಾಸದಲ್ಲಿ ಬಂದವರು ಇಲ್ಲಿ ಮೋಸಹೋಗುತ್ತಾರೆ. ಸಂಡಾಕಾನ್ ಸೀಮೆಗೆ ಜೋರು ಮಳೆ ಈಶಾನ್ಯ ಮಾರುತದ ನವೆಂಬರ್‌ನಿಂದ ಫೆಬ್ರವರಿವರೆಗೆ. ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಹೋಗುವುದು ಅನುಕೂಲ, ಆದರೆ ಮಳೆಯೇ ಇಲ್ಲದ ತಿಂಗಳೆಂದು ಯಾವುದೂ ಇಲ್ಲ. ಸೆಕೆಯ ವಿಷಯಕ್ಕೆ ಬಂದರೆ, ಮೇ ತಿಂಗಳ ಮಂಗಳೂರನ್ನು ನೆನಪಿಸಿಕೊಂಡರೆ ಸಾಕು.

ಚೀಲಕ್ಕೆ ಏನನ್ನು ಹಾಕಿಕೊಳ್ಳಬೇಕು

ತೆಳುವಾದ ಪೂರ್ಣತೋಳಿನ ಅಂಗಿ, ಉದ್ದನೆಯ ಪ್ಯಾಂಟು, ಹಿಡಿತವಿರುವ ಬೂಟು, ಹಗುರವಾದ ರೈನ್‌ಕೋಟು, ನೀರಿನ ಬಾಟಲಿ, ಬೆವರು ಒರೆಸಲು ಒಂದು ಪಾಣಿಪಂಚೆ, ಸೊಳ್ಳೆ ನಿವಾರಕ ಮತ್ತು ಸ್ವಲ್ಪ ನಗದು ರಿಂಗಿಟ್. ಬೈನಾಕ್ಯುಲರ್ ಇದ್ದವರು ಅದನ್ನು ಮನೆಯಲ್ಲಿ ಮರೆತರೆ ಅರ್ಧ ಪ್ರವಾಸವನ್ನೇ ಮನೆಯಲ್ಲಿ ಬಿಟ್ಟುಬಂದಂತೆ.

ಮಲೆನಾಡಿನವರಿಗೆ ಇಂಬಳದ (ರಕ್ತ ಹೀರುವ ಜಿಗಣೆಯ) ಪರಿಚಯ ಮಾಡಿಕೊಡಬೇಕಾಗಿಲ್ಲ. ಆದರೆ ಬೋರ್ನಿಯೊದಲ್ಲಿ ನೆಲದ ತರಗೆಲೆಯಲ್ಲಿರುವ ಕಂದು ಇಂಬಳದ ಜೊತೆಗೆ ಹುಲಿಪಟ್ಟೆಯ ಇನ್ನೊಂದು ಜಾತಿಯೂ ಇದೆ. ಅದು ಗಿಡದ ಎಲೆಯ ತುದಿಯಲ್ಲಿ ಮೊಣಕಾಲಿನೆತ್ತರಕ್ಕೋ ಸೊಂಟದೆತ್ತರಕ್ಕೋ ಕಾದು ಕುಳಿತಿರುತ್ತದೆ. ನಮ್ಮ ಹಾಗೆ ಪಾದವನ್ನಷ್ಟೇ ನೋಡಿಕೊಂಡು ನಡೆದರೆ ಸಾಲದು. ಮೊಣಕಾಲಿನವರೆಗೆ ಏರಿಸಿ ಕಟ್ಟುವ ಬಟ್ಟೆಯ ಇಂಬಳಚೀಲಗಳು ಅಲ್ಲಿ ಮಾರಾಟಕ್ಕೆ ಸಿಗುತ್ತವೆ. ಮರದ ಅಟ್ಟಣೆ ದಾರಿಗಳ ಮೇಲೆಯೇ ಇರುವವರಿಗೆ ಅವು ಬೇಕಾಗುವುದಿಲ್ಲ. ಮಣ್ಣಿನ ಕಾಲುದಾರಿಗೆ ಇಳಿಯುವವರಿಗೆ ಬೇಕು.

ಆರೋಗ್ಯದ ಮಾತನ್ನು ಎರಡು ಕಡೆಯಿಂದಲೂ ನೋಡಬೇಕು. ಸಬಾದಲ್ಲಿ ಮಂಗಗಳಿಂದ ಸೊಳ್ಳೆಯ ಮೂಲಕ ಮನುಷ್ಯರಿಗೆ ಬರುವ ನೋಲೆಸಿ ಎಂಬ ಮಲೇರಿಯಾ ಇದೆ. ಉಣುಗಿನಿಂದ ಹರಡುವ ನಮ್ಮ ಮಂಗನ ಕಾಯಿಲೆಗಿಂತ ಇದು ಬೇರೆಯೇ ರೋಗ, ಆದರೆ ಕಾಡಿನಂಚಿನ ಓಡಾಟದಲ್ಲಿ ಬೇಕಾದ ಎಚ್ಚರ ಎರಡಕ್ಕೂ ಸಮ. ಹೊರಡುವ ಕೆಲವು ವಾರಗಳ ಮೊದಲೇ ವೈದ್ಯರನ್ನು ಕೇಳಬೇಕು. ಇನ್ನೊಂದು ಕಡೆ, ನಮ್ಮ ನೆಗಡಿ ಕೆಮ್ಮು ಒರಾಂಗುಟಾನ್‌ಗಳಿಗೆ ಸುಲಭವಾಗಿ ಅಂಟುತ್ತದೆ. ನಮ್ಮ ಮತ್ತು ಅವುಗಳ ಆನುವಂಶಿಕ ಸಾಮ್ಯ ಶೇ. 97ರಷ್ಟಿರುವುದರಿಂದ, ನಮಗೆ ಎರಡು ದಿನದ ಶೀತವಾದದ್ದು ಅಲ್ಲಿನ ಮರಿಗೆ ಪ್ರಾಣಾಪಾಯವಾಗಬಹುದು. ಜ್ವರ, ಗಂಟಲುನೋವು ಇದ್ದರೆ ಎಷ್ಟೇ ದುಡ್ಡು ಖರ್ಚು ಮಾಡಿ ಬಂದಿದ್ದರೂ ಆ ದಿನ ಒಳಗೆ ಹೋಗಬಾರದು.

ಬೆಳಿಗ್ಗೆ: ದಾರಿ ಮತ್ತು ಟಿಕೆಟ್

ಸಂಡಾಕಾನ್‌ನಲ್ಲಿ ಊರುಗಳನ್ನು ಮೈಲಿಗಲ್ಲಿನ ಲೆಕ್ಕದಲ್ಲಿ ಹೇಳುವ ರೂಢಿ ಇಂದಿಗೂ ಇದೆ. ಸೆಪಿಲೋಕ್‌ಗೆ ತಿರುಗುವ ಕೂಡುದಾರಿಯ ಹೆಸರು ಬಾತು 14. ಬಾತುಕೋಳಿಗೂ ಇದಕ್ಕೂ ಸಂಬಂಧವಿಲ್ಲ. ಮಲಯ ಭಾಷೆಯಲ್ಲಿ ಬಾತು ಎಂದರೆ ಕಲ್ಲು. ಅಗ್ಗದ ಸಾರ್ವಜನಿಕ ವ್ಯಾನುಗಳು ಈ ಕೂಡುದಾರಿಯಲ್ಲಿ ಇಳಿಸಿಬಿಡುತ್ತವೆ, ಅಲ್ಲಿಂದ ಸುಮಾರು ಎರಡೂವರೆ ಕಿಲೋಮೀಟರ್ ನಡೆಯಬೇಕು. ಆ ಸೆಕೆಯಲ್ಲಿ ಮಕ್ಕಳನ್ನೋ ಹಿರಿಯರನ್ನೋ ಕರೆದುಕೊಂಡು ನಡೆಯುವುದು ಬೇಡ. ಗ್ರಾಬ್ ಆ್ಯಪ್‌ನಿಂದ ಕಾರು ಕರೆಸಿಕೊಂಡು ನೇರವಾಗಿ ಕೇಂದ್ರದ ಬಾಗಿಲಿಗೇ ಹೋಗಬಹುದು.

ಕೇಂದ್ರದಲ್ಲಿ ಊಟ ಇಡುವುದು ದಿನಕ್ಕೆ ಎರಡು ಸಲ, ಬೆಳಿಗ್ಗೆ 10ಕ್ಕೆ ಮತ್ತು ಮಧ್ಯಾಹ್ನ 3ಕ್ಕೆ. ಬಾಗಿಲು ತೆರೆಯುವ 9ರ ಹೊತ್ತಿಗೇ ಅಲ್ಲಿರಬೇಕು. ವಿದೇಶಿಯರ ಟಿಕೆಟ್ ಸ್ಥಳೀಯರದ್ದಕ್ಕಿಂತ ಹೆಚ್ಚು, ಕ್ಯಾಮೆರಾಕ್ಕೆ ಬೇರೆ ಶುಲ್ಕ. ಬೆಳಿಗ್ಗೆ ಕೊಂಡ ಟಿಕೆಟ್ ಮಧ್ಯಾಹ್ನದ ಹೊತ್ತಿಗೂ ನಡೆಯುತ್ತದೆಯೇ ಎಂದು ಅಲ್ಲೇ ಕೇಳಿ ತಿಳಿದುಕೊಂಡು ಅದನ್ನು ಜೋಪಾನ ಮಾಡಬೇಕು. ಶುಕ್ರವಾರ ಮಧ್ಯಾಹ್ನದ ನಮಾಜಿನ ಕಾರಣ ಬೆಳಗಿನ ಅವಧಿ ಬೇಗ ಮುಗಿಯುತ್ತದೆ. ಬೇರೆ ದಿನ ಸಿಗುವುದಾದರೆ ಶುಕ್ರವಾರವನ್ನು ಬಿಡುವುದು ಲೇಸು.

ಒಳಗೆ ಹೋಗುವ ಮುನ್ನ ಚೀಲಗಳನ್ನು ಲಾಕರಿನಲ್ಲಿಡಬೇಕು. ಇದು ಕಾಟಾಚಾರದ ನಿಯಮವಲ್ಲ. ಒರಾಂಗುಟಾನ್‌ಗಳಿಗೂ ಅವುಗಳ ಸುತ್ತ ಸುಳಿಯುವ ಹಂದಿಬಾಲದ ಕೋತಿಗಳಿಗೂ ಚೀಲದೊಳಗೆ ತಿಂಡಿ ಇರುತ್ತದೆ ಎಂಬ ಜ್ಞಾನ ನಮಗಿಂತ ಚೆನ್ನಾಗಿದೆ. ಸೊಳ್ಳೆ ನಿವಾರಕದ ಬಾಟಲಿಯನ್ನೂ ಲಾಕರಿನಲ್ಲೇ ಬಿಡಬೇಕು, ಏಕೆಂದರೆ ಪ್ರಾಣಿಯ ಕೈಗೆ ಸಿಕ್ಕರೆ ಅದು ಕಚ್ಚಿ ನೋಡುತ್ತದೆ. ಹಚ್ಚಿಕೊಳ್ಳುವುದಿದ್ದರೆ ಮೊದಲೇ ಹಚ್ಚಿಕೊಂಡು ಹೋಗಬೇಕು.

ಹತ್ತು ಗಂಟೆ: ಅಟ್ಟಣೆಯ ಮುಂದೆ

ಟಿಕೆಟ್ ಕಟ್ಟೆಯಿಂದ ಊಟದ ಅಟ್ಟಣೆಗೆ ಮರದ ಹಲಗೆಯ ದಾರಿಯಲ್ಲಿ ಕೆಲವೇ ನಿಮಿಷಗಳ ನಡಿಗೆ. 9.40ರ ಸುಮಾರಿಗೆ ಹೋಗಿ ನಿಂತರೆ ಕಂಬಿಯ ಪಕ್ಕದಲ್ಲಿ ಜಾಗ ಸಿಗುತ್ತದೆ. ಮಾತು ನಿಲ್ಲಿಸಬೇಕು, ಮೊಬೈಲಿನ ಸದ್ದು ಅಡಗಿಸಬೇಕು, ಫ್ಲ್ಯಾಶ್ ಆರಿಸಬೇಕು.

ಇಲ್ಲಿ ನೋಡಬೇಕಾದದ್ದು ಅಟ್ಟಣೆಯನ್ನಲ್ಲ, ಹಗ್ಗವನ್ನು. ಕಾಡಿನೊಳಗಿನಿಂದ ಅಟ್ಟಣೆಯವರೆಗೆ ಮರದಿಂದ ಮರಕ್ಕೆ ದಪ್ಪ ಹಗ್ಗಗಳನ್ನು ಕಟ್ಟಿರುತ್ತಾರೆ. ಪ್ರಾಣಿ ಕಣ್ಣಿಗೆ ಬೀಳುವ ಮೊದಲೇ ಹಗ್ಗ ಸಣ್ಣಗೆ ಅದುರತೊಡಗುತ್ತದೆ, ಆಮೇಲೆ ಜೋಲಾಡುತ್ತದೆ, ದೂರದ ಯಾವುದೋ ಮರದ ತುದಿ ಗಾಳಿಯಿಲ್ಲದೆಯೂ ಬಾಗುತ್ತದೆ. ಅಷ್ಟಾದ ಮೇಲೆ ಎಲೆಗಳ ನಡುವೆ ಕೆಂಚು ಬಣ್ಣದ ಉದ್ದನೆಯ ತೋಳೊಂದು ಹೊರಬರುತ್ತದೆ. ನಾನು ಹೋದ ದಿನ ಹಗ್ಗ ಅದುರಿದ್ದು ಎರಡೇ ಸಲ. ಮೊದಲು ಬಂದ ಹೆಣ್ಣು ಹೊಟ್ಟೆಗೆ ಮರಿಯನ್ನು ಅವಚಿಕೊಂಡಿತ್ತು. ಒಂದು ಕೈಯಲ್ಲಿ ಹಗ್ಗ, ಒಂದು ಕಾಲಿನಲ್ಲಿ ಇನ್ನೊಂದು ಹಗ್ಗ, ಉಳಿದ ಕಾಲಿನಲ್ಲಿ ಬಾಳೆಹಣ್ಣಿನ ಚಿಪ್ಪು, ಬಾಯಿಯಲ್ಲಿ ಅರ್ಧ ಸುಲಿದ ಹಣ್ಣು. ಅದು ಅಟ್ಟಣೆಯ ಮೇಲೆ ಕೂರಲೇ ಇಲ್ಲ. ಬೇಕಾದಷ್ಟನ್ನು ಹಿಡಿದುಕೊಂಡು ಮೂರು ನಿಮಿಷದಲ್ಲಿ ಬಂದ ದಾರಿಯಲ್ಲೇ ಹೊರಟುಹೋಯಿತು.

ಊಟ ಏಕೆ ಅಷ್ಟು ಸಪ್ಪೆ ಎಂದು ಕೆಲವರು ಕೇಳುತ್ತಾರೆ. ಅದು ಬೇಕೆಂದೇ ಮಾಡಿದ್ದು. ದಿನವೂ ಉಪ್ಪಿಟ್ಟೇ ಬಡಿಸಿದರೆ ಹಾಸ್ಟೆಲಿನ ಹುಡುಗರು ಹೊರಗಿನ ಹೋಟೆಲು ಹುಡುಕಿಕೊಳ್ಳುವಂತೆ, ಅಟ್ಟಣೆಯ ಮೇಲಿನ ಏಕತಾನದ ಹಣ್ಣು ತರಕಾರಿಗೆ ಬೇಸತ್ತು ಪ್ರಾಣಿ ಕಾಡಿನ ರುಚಿಯನ್ನು ಅರಸಿ ಹೋಗಲಿ ಎಂಬುದು ಅದರ ಹಿಂದಿನ ಎಣಿಕೆ. ಕಾಡಿನಲ್ಲಿ ಒರಾಂಗುಟಾನ್ ಮರಿ ಆರರಿಂದ ಎಂಟು ವರ್ಷ ತಾಯಿಯ ಜೊತೆಗಿದ್ದು, ಯಾವ ಹಣ್ಣು ಯಾವಾಗ ಮಾಗುತ್ತದೆ, ಸಂಜೆ ಮಲಗಲು ಕೊಂಬೆ ಬಗ್ಗಿಸಿ ಗೂಡು ಕಟ್ಟುವುದು ಹೇಗೆ ಎಂಬುದನ್ನೆಲ್ಲ ನೋಡಿ ಕಲಿಯುತ್ತದೆ. ತಾಯಿ ಇಲ್ಲದ ಮರಿಗೆ ಆ ಪಾಠವನ್ನು ಮನುಷ್ಯರು ಮಾಡಬೇಕೆಂದರೆ ಸುಲಭವೇ? ಹೆಣ್ಣು ಏಳೆಂಟು ವರ್ಷಕ್ಕೊಮ್ಮೆ ಮಾತ್ರ ಹೆರುವುದರಿಂದ ಕಳೆದುಕೊಂಡದ್ದು ಬೇಗ ತುಂಬಿಬರುವುದೂ ಇಲ್ಲ. ಬೋರ್ನಿಯೊದ ಒರಾಂಗುಟಾನ್ 2016ರಿಂದ ಅಳಿವಿನ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಅಟ್ಟಣೆಯ ಗಲಾಟೆ ಮುಗಿದೊಡನೆ ಗುಂಪಿನ ಜೊತೆ ಹೊರಬೀಳದೆ, ಹೊರಾಂಗಣ ಶಿಶುವಿಹಾರದ ಕಡೆಗೆ ಹೋಗಬೇಕು. ಗಾಜಿನ ಹಿಂದೆ ಹವಾನಿಯಂತ್ರಿತ ಕೋಣೆಯಲ್ಲಿ ಕುಳಿತು, ಮರಿಗಳು ಹಗ್ಗ ಹಿಡಿಯಲು ಕಲಿಯುವುದನ್ನು, ಜಾರುವುದನ್ನು, ಒಂದರ ಕಾಲನ್ನು ಇನ್ನೊಂದು ಎಳೆಯುವುದನ್ನು ನೋಡಬಹುದು. ಮಕ್ಕಳಿರುವ ಕುಟುಂಬ ಇಲ್ಲಿ ಅರ್ಧ ಗಂಟೆಯನ್ನು ಮೀಸಲಿಡಲಿ. ಕ್ಯಾಮೆರಾ ಹಿಡಿದವರಿಗೊಂದು ಸೂಚನೆ: ತಂಪು ಕೋಣೆಯಿಂದ ಹೊರಗೆ ಕಾಲಿಟ್ಟ ಕೂಡಲೇ ಲೆನ್ಸಿನ ಮೇಲೆ ಮಂಜು ಕಟ್ಟುತ್ತದೆ. ಅದನ್ನು ಒರೆಸುತ್ತ ನಿಂತರೆ ಮತ್ತೆ ಮತ್ತೆ ಕಟ್ಟುತ್ತದೆ. ಹತ್ತು ನಿಮಿಷ ಸುಮ್ಮನೆ ಬಿಟ್ಟರೆ ತಾನಾಗಿಯೇ ಹೋಗುತ್ತದೆ.

ದಾರಿಯ ಕಂಬಿಯ ಮೇಲೆಯೇ ಒರಾಂಗುಟಾನ್ ಎದುರಾಗುವುದೂ ಇಲ್ಲಿ ಅಪರೂಪವಲ್ಲ. ಆಗ ಮಾಡಬೇಕಾದದ್ದು ಇಷ್ಟೇ: ನಿಂತಲ್ಲಿಂದ ಹಿಂದಕ್ಕೆ ಸರಿದು ದಾರಿ ಬಿಡುವುದು, ಟೋಪಿಯನ್ನೂ ಕನ್ನಡಕವನ್ನೂ ಭದ್ರಪಡಿಸಿಕೊಳ್ಳುವುದು, ಸಿಬ್ಬಂದಿಯ ಮಾತು ಕೇಳುವುದು. ಕೈ ಚಾಚಬಾರದು, ಬೆನ್ನು ಹಾಕಿ ಸೆಲ್ಫಿ ತೆಗೆಯಬಾರದು. ಪ್ರಾಣಿಯನ್ನು ಎತ್ತಿಕೊಳ್ಳಲು, ಅಪ್ಪಿಕೊಳ್ಳಲು ದುಡ್ಡು ತೆಗೆದುಕೊಳ್ಳುವ ಜಾಗ ಜಗತ್ತಿನ ಎಲ್ಲೇ ಇರಲಿ, ಬೋರ್ಡಿನ ಮೇಲೆ ಏನೇ ಬರೆದಿರಲಿ, ಅದು ಪುನರ್ವಸತಿ ಕೇಂದ್ರವಲ್ಲ.

ಹನ್ನೊಂದರಿಂದ: ಸೂರ್ಯಕರಡಿಗಳು

ಒರಾಂಗುಟಾನ್ ಕೇಂದ್ರದ ಪಕ್ಕದಲ್ಲೇ, ವಾಹನ ನಿಲ್ಲಿಸುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ, ಬೋರ್ನಿಯೊ ಸೂರ್ಯಕರಡಿ ಸಂರಕ್ಷಣಾ ಕೇಂದ್ರವಿದೆ. ಮಲೇಷ್ಯಾದ ವನ್ಯಜೀವಿ ವಿಜ್ಞಾನಿ ವಾಂಗ್ ಸ್ಯೂ ಟೆ ಅವರು 2008ರಲ್ಲಿ ಕಟ್ಟಿದ ಈ ಸಂಸ್ಥೆ 2014ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಇದಕ್ಕೆ ಬೇರೆ ಟಿಕೆಟ್. ಬಹಳ ಜನ ಇದನ್ನು ಬಿಟ್ಟು ಹೋಗುತ್ತಾರೆ. ನನ್ನ ಮಟ್ಟಿಗೆ ಇಡೀ ದಿನದಲ್ಲಿ ಬಿಡಬಾರದ ಜಾಗವೆಂದರೆ ಇದೇ.

ಜಗತ್ತಿನ ಕರಡಿಗಳಲ್ಲೆಲ್ಲ ಇದು ಅತಿ ಸಣ್ಣದು. ಗಿಡ್ಡ ಕಪ್ಪು ತುಪ್ಪಳ, ಎದೆಯ ಮೇಲೆ ಉದಯಿಸುವ ಸೂರ್ಯನಂಥ ಹಳದಿ ಮಚ್ಚೆ, ಜೇನುಹುಟ್ಟಿನ ಆಳಕ್ಕೆ ಇಳಿಯುವ 20–25 ಸೆಂಟಿಮೀಟರ್ ಉದ್ದದ ನಾಲಿಗೆ. ಮಲಯ ಭಾಷೆಯಲ್ಲಿ ಇದರ ಹೆಸರು ಬೆರುವಾಂಗ್ ಮಾದು, ಅಂದರೆ ಜೇನುಕರಡಿ. ವೀಕ್ಷಣಾ ಕಟ್ಟೆಯ ಮೇಲೆ ದೂರದರ್ಶಕಗಳನ್ನು ಇಟ್ಟಿದ್ದಾರೆ. ಕರಡಿ ಎಲ್ಲಿ ಎಂದು ನೆಲವನ್ನು ಹುಡುಕುವವರೇ ಹೆಚ್ಚು; ಕತ್ತೆತ್ತಿ ಮರದ ಕವಲುಗಳನ್ನೂ ನೋಡಬೇಕು, ಏಕೆಂದರೆ ಇವು ಅಷ್ಟೆತ್ತರ ಹತ್ತಿ ಅಲ್ಲಿಯೇ ನಿದ್ದೆ ಮಾಡುತ್ತವೆ. ಒಣ ದಿಮ್ಮಿಯೊಂದನ್ನು ಕರಡಿ ಉಗುರಿನಿಂದ ಸೀಳಿ ಗೆದ್ದಲು ಹೆಕ್ಕುವ ಸದ್ದು ಕೇಳಿದರೆ ಅಲ್ಲೇ ಹತ್ತು ನಿಮಿಷ ನಿಲ್ಲಬೇಕು.

ಕನ್ನಡಿಗರಿಗೆ ಕರಡಿಯ ಕಥೆ ಹೊಸದಲ್ಲ. ಖಲಂದರರು ಮೂಗುದಾರ ಹಾಕಿ ಕುಣಿಸುತ್ತಿದ್ದ ಕರಡಿಗಳನ್ನು ಬಿಡಿಸಿ ತಂದು ಸಾಕಿದ ಕೇಂದ್ರ ಬನ್ನೇರುಘಟ್ಟದಲ್ಲಿದೆ. ದರೋಜಿಯ ಬಂಡೆಗಳ ಮೇಲೆ ಸಂಜೆ ಕರಡಿ ಇಳಿಯುವುದನ್ನು ನೋಡಿದವರೂ ಬಹಳ ಮಂದಿ. ಬನ್ನೇರುಘಟ್ಟದ ಕರಡಿಗಳೂ ಸೆಪಿಲೋಕ್‌ನ ಕರಡಿಗಳೂ ಮನುಷ್ಯನ ಕೈಯಲ್ಲಿ ಪಟ್ಟ ಪಾಡು ಒಂದೇ ಬಗೆಯದು, ಆದರೆ ಬನ್ನೇರುಘಟ್ಟದ ಕರಡಿಗಳು ಮರಳಿ ಕಾಡಿಗೆ ಹೋಗಲಾರದಷ್ಟು ಹಾಳಾಗಿದ್ದವು. ಇಲ್ಲಿಗೆ ಎಳೆಯದರಲ್ಲೇ ಬಂದ ಮರಿಗಳಲ್ಲಿ ಕೆಲವನ್ನು ಕಾಡಿಗೆ ಬಿಡಲು ಸಾಧ್ಯವಾಗಿದೆ.

ಮಧ್ಯಾಹ್ನದ ಊಟ

ಕೇಂದ್ರದ ಉಪಾಹಾರ ಗೃಹದಲ್ಲಿ ಅನ್ನ, ನೂಡಲ್ಸ್ ಸಿಗುತ್ತದೆ. ಸಸ್ಯಾಹಾರಿಗಳು ಸೊಪ್ಪಿನ ಪಲ್ಯವೆಂದು ನಂಬಿ ತಟ್ಟೆಗೆ ಕೈ ಹಾಕಬಾರದು. ನೀರುಪಾಲಕದಂಥ ಕಾಂಕುಂಗ್ ಸೊಪ್ಪನ್ನು ಬೆಲಚಾನ್ ಎಂಬ ಒಣಸೀಗಡಿಯ ಚಟ್ನಿಯಲ್ಲಿ ಬಾಡಿಸುವುದು ಅಲ್ಲಿನ ರೂಢಿ. "ತಾನ್ಪಾ ದಾಗಿಂಗ್, ತಾನ್ಪಾ ಇಕಾನ್, ತಾನ್ಪಾ ಬೆಲಚಾನ್" ಎಂದು ಹೇಳಿದರೆ ಮಾಂಸ, ಮೀನು, ಬೆಲಚಾನ್ ಇಲ್ಲದ್ದು ಬೇಕು ಎಂದು ತಿಳಿಯುತ್ತದೆ. ಹಣ್ಣಿನ ಕಾಲವಾದರೆ ರಸ್ತೆಬದಿಯಲ್ಲಿ ತರಾಪ್ ಕೇಳಿ ಕೊಂಡು ತಿನ್ನಿ. ನಮ್ಮ ಹಲಸು, ಹೆಬ್ಬಲಸುಗಳ ಬಂಧು; ತೊಳೆ ಬಿಳಿ, ಬೆಣ್ಣೆಯಂಥ ಮೆದು, ವಾಸನೆ ಜೋರು. ಬಿಡಿಸಿದ ಮೇಲೆ ಬೇಗ ಕೆಡುವುದರಿಂದ ಕಟ್ಟಿಕೊಂಡು ಹೋಗುವ ಹಣ್ಣಲ್ಲ.

ಮಧ್ಯಾಹ್ನ: ಕಾಡಿನ ನೆತ್ತಿ

ಬೆಳಿಗ್ಗೆ ಒರಾಂಗುಟಾನ್ ಕಾಣದವರು 3ರ ಊಟದ ಹೊತ್ತಿಗೆ ಮತ್ತೆ ಹೋಗಬಹುದು. ಮಧ್ಯಾಹ್ನ ಜನಸಂದಣಿಯೂ ಕಡಿಮೆ. ಆದರೆ ಬೆಳಿಗ್ಗೆ ಒಂದನ್ನಾದರೂ ಕಂಡವರು ಮತ್ತೆ ಅದೇ ಕಂಬಿಗೆ ಮರಳದೆ, ಎರಡು ಗಂಟೆಗೆಲ್ಲ ಮಳೆಕಾಡು ಪರಿಚಯ ಕೇಂದ್ರಕ್ಕೆ ಹೊರಡುವುದು ಒಳಿತು. ಸಬಾದ ಅರಣ್ಯ ಇಲಾಖೆ ನಡೆಸುವ ಈ ಜಾಗದ ಮುಖ್ಯ ಆಕರ್ಷಣೆ 347 ಮೀಟರ್ ಉದ್ದದ ಉಕ್ಕಿನ ಮೇಲ್ದಾರಿ. ನೆಲದಿಂದ 25 ಮೀಟರಿಗೂ ಎತ್ತರ. ತೂಗುಸೇತುವೆಯಂತೆ ಓಲಾಡುವುದಿಲ್ಲವಾದ್ದರಿಂದ ಹಿರಿಯರೂ ಧೈರ್ಯವಾಗಿ ನಡೆಯಬಹುದು. ನಡುನಡುವೆ ಇನ್ನೂ ಎತ್ತರದ ಗೋಪುರಗಳಿವೆ.

ಅಲ್ಲಿ ಕಣ್ಣೆದುರಿಗಿರುವುದು ಡಿಪ್ಟೆರೊಕಾರ್ಪ್ ಕುಟುಂಬದ ಮರಗಳ ತಲೆಗಳು. ಆ ಹೆಸರಿನ ಅರ್ಥ ಎರಡು ರೆಕ್ಕೆಯ ಹಣ್ಣು ಎಂದು. ದಕ್ಷಿಣ ಕನ್ನಡದ ರಸ್ತೆಬದಿಯ ಸಾಲುಧೂಪ, ಘಟ್ಟದ ಕಿರಾಲುಬೋಗಿ ಇದೇ ಕುಟುಂಬದವು, ಹಾಗಾಗಿ ಪಶ್ಚಿಮ ಘಟ್ಟದವರಿಗೆ ಇದು ದಾಯಾದಿಗಳ ಮನೆ. ವ್ಯತ್ಯಾಸವಿರುವುದು ನಡವಳಿಕೆಯಲ್ಲಿ: ಬೋರ್ನಿಯೊದ ಈ ಮರಗಳು ವರ್ಷ ವರ್ಷ ಹೂ ಬಿಡದೆ, ಹಲವು ವರ್ಷಗಳಿಗೊಮ್ಮೆ ಇಡೀ ಕಾಡೇ ಮಾತಾಡಿಕೊಂಡಂತೆ ಒಟ್ಟಿಗೆ ಹೂ ಬಿಟ್ಟು ಕಾಯಿ ಕಟ್ಟುತ್ತವೆ. ಅಷ್ಟು ಬೀಜ ಒಮ್ಮೆಲೇ ಉದುರಿದರೆ ತಿನ್ನುವ ಪ್ರಾಣಿಗಳು ತಿಂದು ಮುಗಿಸಲಾರವು, ಉಳಿದದ್ದು ಮೊಳೆಯುತ್ತದೆ. ನಡುವಿನ ಬರದ ವರ್ಷಗಳಲ್ಲಿ ಒರಾಂಗುಟಾನ್‌ಗಳು ಅತ್ತಿಯ ಹಣ್ಣು, ಚಿಗುರು, ತೊಗಟೆ ತಿಂದು ಕಾಲ ಹಾಕುತ್ತವೆ. ಬೆಳಿಗ್ಗೆ ಅಟ್ಟಣೆಗೆ ಎಷ್ಟು ಬಂದವು ಎಂಬ ಲೆಕ್ಕದ ಒಂದು ಕೊನೆ ಈ ಮರಗಳ ತುದಿಯಲ್ಲಿದೆ.

ಮೇಲ್ದಾರಿಯಲ್ಲಿ ನಡೆಯುತ್ತಲೇ ಇರುವವರಿಗೆ ಏನೂ ಕಾಣುವುದಿಲ್ಲ. ಒಂದು ಗೋಪುರ ಆರಿಸಿಕೊಂಡು, ನೆರಳಿರುವ ಮೂಲೆಯಲ್ಲಿ ನಾಲ್ಕು ಗಂಟೆಯ ನಂತರ ಕೂರಬೇಕು. ಹಕ್ಕಿಗಳು ಓಡಾಡುವುದು ಆಗಲೇ. ಮಂಗಟ್ಟೆಗಳ ರೆಕ್ಕೆಯ ಸದ್ದು ಮೊದಲು ಕೇಳಿ ಆಮೇಲೆ ಹಕ್ಕಿ ಕಾಣುತ್ತದೆ, ನಮ್ಮ ದಾಂಡೇಲಿಯಲ್ಲಿ ಆಗುವಂತೆಯೇ. ಪಕ್ಷಿವೀಕ್ಷಕರು ದೂರದ ದೇಶಗಳಿಂದ ಇಲ್ಲಿಗೆ ಬರುವುದು ಬ್ರಿಸ್ಟಲ್‌ಹೆಡ್ ಎಂಬ ಹಕ್ಕಿಗಾಗಿ. ಕಪ್ಪು ಮೈ, ಕೆಂಪು ತಲೆ, ನೆತ್ತಿಯ ಮೇಲೆ ಹಳದಿ ಬಿರುಗೂದಲಿನಂಥ ಕುರುಚಲು. ಬೋರ್ನಿಯೊ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಸಮಯ ಮಿಕ್ಕಿದರೆ ಕೆಳಗಿನ ಕಾಲುದಾರಿಗಳಲ್ಲಿ ಒಂದನ್ನು ಹಿಡಿಯಬಹುದು. ಹೊರಡುವ ಮುನ್ನ ನಕ್ಷೆಯ ಫೋಟೊ ತೆಗೆದುಕೊಳ್ಳಿ. ನಾನು ಅರ್ಧ ಗಂಟೆಯ ದಾರಿಯೆಂದು ಇಳಿದು, ಮಳೆಗೆ ನುಣುಪಾದ ಬೇರುಗಳ ಮೇಲೆ ಜಾರುತ್ತ, ಒಂದೂಕಾಲು ಗಂಟೆಯ ನಂತರ ಮಂಡಿಯವರೆಗೆ ಕೆಸರು ಮೆತ್ತಿಕೊಂಡು ಮೇಲೆ ಬಂದೆ.

ಸಂಜೆ

ಮಳೆಕಾಡು ಪರಿಚಯ ಕೇಂದ್ರದ ಹಗಲಿನ ಅವಧಿ 5ಕ್ಕೆ ಮುಗಿಯುತ್ತದೆ. ರಾತ್ರಿ ನಡಿಗೆಗೆ ಮೊದಲೇ ಹೆಸರು ಕೊಟ್ಟವರು ಮಾತ್ರ ಮಾರ್ಗದರ್ಶಿಯ ಜೊತೆ ಉಳಿಯಬಹುದು; ಅದು ಎಲ್ಲ ದಿನವೂ ಇರುವುದಿಲ್ಲವಾದ್ದರಿಂದ ಬಂದ ಕೂಡಲೇ ವಿಚಾರಿಸಬೇಕು. ಹೆಸರು ಕೊಟ್ಟಿದ್ದರೆ ಆರರ ಸುಮಾರಿಗೆ ಮತ್ತೆ ಮೇಲ್ದಾರಿ ಹತ್ತಿ ನಿಲ್ಲುತ್ತಾರೆ. ಬೆಳಕು ಬೂದಿಬಣ್ಣಕ್ಕೆ ತಿರುಗುವಾಗ ಕೆಂಪು ಹಾರುಬೆಕ್ಕೊಂದು (ದೊಡ್ಡ ಹಾರುವ ಅಳಿಲು) ಪೊಟರೆಯಿಂದ ತಲೆ ಹೊರಹಾಕಿ, ಕಾಂಡದ ಮೇಲೆ ಒಂದಷ್ಟು ದೂರ ಏರಿ, ಮೈಯ ಚರ್ಮವನ್ನು ಚೌಕದಂತೆ ಹರಡಿ, ಸದ್ದಿಲ್ಲದೆ ತಲೆಯ ಮೇಲೆ ತೇಲಿಹೋಗುತ್ತದೆ.

ಕತ್ತಲಾದ ಮೇಲೆ ಆ್ಯಪ್‌ನಲ್ಲಿ ಕಾರು ಸಿಗುವುದು ಕಷ್ಟ. ಬೆಳಿಗ್ಗೆ ಕರೆತಂದ ಚಾಲಕರ ನಂಬರು ಪಡೆದು, ಇಂಥ ಹೊತ್ತಿಗೆ ಬನ್ನಿ ಎಂದು ಮೊದಲೇ ಹೇಳಿಟ್ಟಿರಬೇಕು. ವಾಪಸು ಹೋಗುವಾಗ ಕಾಡು ಮುಗಿದು ಎಣ್ಣೆತಾಳೆಯ ಸಾಲುಗಳು ಶುರುವಾಗುವುದು ವಾಹನದ ದೀಪದ ಬೆಳಕಿನಲ್ಲೂ ಕಾಣುತ್ತದೆ. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆಎಣ್ಣೆಯನ್ನು ತರಿಸಿಕೊಳ್ಳುವ ದೇಶ ನಮ್ಮದು. ಕಾರು ಹತ್ತುವ ಮುನ್ನ ಕಾಲುಚೀಲ ಬಿಚ್ಚಿ, ಪ್ಯಾಂಟಿನ ಮಡಿಕೆಗಳನ್ನು ಬಿಡಿಸಿ, ಕುತ್ತಿಗೆಯ ಹಿಂದೆ ಕೈಯಾಡಿಸಿ ಇಂಬಳ ಹತ್ತಿದೆಯೇ ಎಂದು ನೋಡಿಕೊಳ್ಳಬೇಕು. ಚಾಲಕರೂ ಅದನ್ನೇ ಕೇಳುತ್ತಾರೆ.